ಒದ್ದೆ ಮೂಳೆಯ ಅಳತೆ

ಆ ಹಿತ್ತಿಲ ಕಡೆಯ ಕಿಟಕಿ ಮುಚ್ಚಿ ಕೂತ್ಕೊಳ್ಳಿ. ಚಳಿ ಅಂತಲ್ಲ... ತಂತಿ ಮೇಲೆ ನೇತು ಹಾಕಿದ್ದು ಅಲ್ಲಾಡೋದು ಕಾಣುತ್ತೆ, ಅದಕ್ಕೆ. ಕತೆ ಮುಗಿಯೋ ತನಕ ಆ ಕಡೆ ನೋಡೋದು ಬೇಡ.

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಸ್ವಂತ ತಂಗಿಯ ಅಳಿಯನಿಗೆ ಆದದ್ದು. ಎದುರಿಗೆ ಸಿಕ್ಕರೆ "ನೀವು, ತಾವು" ಅಂತಲೇ ಅನ್ನೋದು ನಾನು. ಕತೆಯಲ್ಲಿ "ಅವನು" ಅಂದರೆ ಅಳಿಯತನಕ್ಕೇನೂ ಕುಂದು ಬರಲ್ಲ. ದೊಡ್ಡಾಸ್ಪತ್ರೆಯಲ್ಲಿ ಕೆಲಸ. ಮದುವೆಗೆ ಮುಂಚೆ ನನ್ನ ತಂಗಿ "ಡಾಕ್ಟರು, ಡಾಕ್ಟರು" ಅಂತ ಬೀದಿಬೀದಿ ಸಾರಿಕೊಂಡು ಬಂದಳು. ಡಾಕ್ಟರು ನಿಜ. ಆದರೆ ಇವನ ಹತ್ತಿರ ಬರೋ ರೋಗಿಗಳು ಒಬ್ಬರೂ ಕೆಮ್ಮೋದಿಲ್ಲ. ಎಲ್ಲಾದರೂ ಗೋಡೆ ಒಡೆದಾಗ, ಮಣ್ಣು ಅಗೆದಾಗ ಸಿಗೋ ಮನುಷ್ಯರ ಮೂಳೆಗಳನ್ನ ಪೊಲೀಸರು ತಂದು ಇವನ ಮೇಜಿನ ಮೇಲೆ ಸುರೀತಾರೆ. ಗಂಡೋ ಹೆಣ್ಣೋ, ವಯಸ್ಸೆಷ್ಟು ಅಂತ ಇವನು ಅಳೆದು ಹೇಳಬೇಕು. ಅದು ತಿಳಿದ ದಿನ ನನ್ನ ತಂಗಿ ಬೆಳಗ್ಗೆ, ಮಧ್ಯಾಹ್ನ ಊಟ ಬಿಟ್ಟಳು. ರಾತ್ರಿ ಎರಡು ಸಲ ಬಡಿಸಿಕೊಂಡಳು, ಅದು ಬೇರೆ ಮಾತು.

ಆವತ್ತು ಅವನು ಕೆಲಸ ಮುಗಿಸಿ ಹೊರಟಾಗ ಕತ್ತಲಾಗಿತ್ತು. ಬಸ್ಸು ಸಿಗಲಿಲ್ಲ. ಬಾಗಿಲು ಹಾಕಿದ ಹಳೆಯ ಲಾಂಡ್ರಿ ಒಂದಿದೆ, ಅದರ ಹಿಂದಿನ ಓಣಿ ಹಿಡಿದು ನಡೆದ. ಲಾಂಡ್ರಿಯ ಬಾವಿ ಆ ಓಣಿಯಲ್ಲೇ ಇರೋದು. ಓಣಿಗೆಲ್ಲ ಇದ್ದದ್ದು ಒಂದೇ ದೀಪ... ಅದೂ ಆಚೆ ತುದಿಯಲ್ಲಿ.

ಮೊದಲು ಕೇಳಿಸಿದ್ದು ನೀರು. ತೊಟ್... ತೊಟ್... ಆಮೇಲೆ ಬಟ್ಟೆ ಹಿಂಡೋ ಸದ್ದು. ನೆಂದ ದುಪ್ಪಟಿಯ ಎರಡು ತುದಿ ಹಿಡಿದು ತಿರುಚಿದರೆ ಬರುತ್ತಲ್ಲ... ಕಿರ್ರ್‌ಕ್... ಹಿಂದೆಯೇ ಒಂದೇ ಸಲಕ್ಕೆ ನೀರು ಕಲ್ಲಿನ ಮೇಲೆ ಬೀಳೋದು, ಚಳ್. ಇವನು ತಲೆ ಎತ್ತಲಿಲ್ಲ. ಯಾರೋ ಬಟ್ಟೆ ಒಗೀತಿದ್ದಾರೆ ಅಂದುಕೊಂಡ. ಬಾವಿ ದಾಟಿದ.

ಬೆನ್ನ ಹಿಂದೆ ಹೆಂಗಸಿನ ದನಿ. ಪಿಸುಮಾತು.

"ಒಣಗಿತಾ?"

ದಣಿದ ಮನುಷ್ಯನನ್ನ ಯಾರು ಏನು ಕೇಳಿದರೂ ಬಾಯಿ ತಾನೇ ಉತ್ತರ ಕೊಡುತ್ತೆ ನೋಡಿ. ಇವನೂ ನಡೀತಾ ನಡೀತಾನೇ ಅಂದ, "ಇನ್ನೂ ಇಲ್ಲ."

ಎರಡು ಹೆಜ್ಜೆ ಇಟ್ಟ... ಆಮೇಲೆ, ಕಿವಿಗೆ ಇನ್ನೂ ಹತ್ತಿರ.

"ಹಾಗಾದ್ರೆ ಯಾಕೆ ಅಳೆದೆ?"

ಓಡಿದೆ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಊಟದ ಡಬ್ಬಿ ಓಣಿಯಲ್ಲೇ ಬಿತ್ತು. ಮುಚ್ಚಳ ಉರುಳಿದ ಸದ್ದು ಮನೆ ತನಕ ಅಟ್ಟಿಸಿಕೊಂಡು ಬಂತಂತೆ.

ಏನು ಒಣಗಬೇಕಿತ್ತು, ಇವನು ಏನು ಅಳೆದಿದ್ದ ಅಂತ ತಾನೇ ನಿಮ್ಮ ಪ್ರಶ್ನೆ? ಬರ್ತೀನಿ. ಇದರೊಳಗೆ ಒಂದು ಗಂಡ ಹೆಂಡಿರ ವ್ಯವಹಾರ ಇದೆ, ಅದನ್ನ ಆತುರದಲ್ಲಿ ಹೇಳಿದರೆ ಸ್ವಾರಸ್ಯ ಕೆಟ್ಟುಹೋಗುತ್ತೆ.

ಆ ಲಾಂಡ್ರಿ ನಡೀತಿದ್ದಾಗ ಅಲ್ಲಿ ಬಟ್ಟೆ ಒಗೆಯೋಳು ಒಬ್ಬಳಿದ್ದಳು. ಬೀದಿಯವರೆಲ್ಲ ಅವಳನ್ನ "ಏಣಿ" ಅಂತಿದ್ದರು. ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕು, ಅಷ್ಟು ಉದ್ದ. ಭುಜ ಅಂದರೆ ಬೀರು ಇದ್ದ ಹಾಗೆ. ಹೆಂಗಸರ ಚಪ್ಪಲಿ ಮೆಟ್ಟಿದರೆ ಅರ್ಧ ಪಾದ ಆಚೆಗೇ ಉಳಿಯೋದು. ಗಂಡ ಬೀಗ ರಿಪೇರಿಯವನು, ಅವಳ ಮೊಣಕೈಗೆ ಬರೋನು. ಇಬ್ಬರೂ ಜೊತೆಯಾಗಿ ಬೀದಿಯಲ್ಲಿ ಹೊರಟರೆ ನಾನು ಒಲೆ ಮೇಲಿನ ಹಾಲು ಬಿಟ್ಟು ಬಾಗಿಲಿಗೆ ಬರ್ತಿದ್ದೆ. ಅಂಥ ನೋಟ. "ಏಣಿ ಮನೆಯಲ್ಲೇ ಇದ್ರೂ ಪಾಪ, ಅವನಿಗೆ ಅಟ್ಟ ಕಂಡಿಲ್ಲ" ಅಂತ ಲಾಂಡ್ರಿಯ ಇಸ್ತ್ರಿಯವಳು ಕಣ್ಣು ಮಿಟುಕಿಸಿ ನಗೋಳು. ಆ ಇಸ್ತ್ರಿಯವಳನ್ನ ನೆನಪಿಟ್ಟುಕೊಳ್ಳಿ.

ಒಂದು ದಿನ ಏಣಿ ಇಲ್ಲ. ಗಂಡ ಬೀದಿಯಲ್ಲಿ ಕೂತು ಅತ್ತ. ಸೋಪಿನ ಮೂಟೆ ತರೋ ಲಾರಿಯವನ ಹಿಂದೆ ಓಡಿಹೋದಳು ಅಂದ. ಲಾರಿಯವನೂ ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಇನ್ನೇನು ಬೇಕು? ಅಷ್ಟುದ್ದದವಳು ಲಾರಿಯೊಳಗೆ ಹೇಗೆ ಹಿಡಿಸಿದಳು ಅಂತಲೇ ನಾವು ತಿಂಗಳುಗಟ್ಟಲೆ ನಕ್ಕೆವು. ನಗದೇ ಇದ್ದವಳು ಒಬ್ಬಳೇ... ಅವಳ ಹೆತ್ತ ತಾಯಿ. ದೊಡ್ಡಾಸ್ಪತ್ರೆ ಗೇಟಿನ ಎದುರು ಚಹಾ ಅಂಗಡಿ ಇಟ್ಟಿದ್ದಾಳಲ್ಲ, ಚಹಾ ಅಜ್ಜಿ, ಅವಳೇ. "ನನ್ನ ಮಗಳು ನನಗೆ ಹೇಳದೆ ಹೋಗೋಳಲ್ಲ." ಅದೊಂದೇ ಮಾತು. ಮಗಳು ಯಾವ ಹೊತ್ತಿನಲ್ಲಾದರೂ ಬಂದಾಳು ಅಂತ ರಾತ್ರಿ ಬಾಗಿಲಿಗೆ ಚಿಲಕವನ್ನೇ ಹಾಕ್ತಿರಲಿಲ್ಲ ಆ ಮುದುಕಿ.

ವರ್ಷಗಳು ಹೋದವು. ಲಾಂಡ್ರಿ ಮುಚ್ಚಿತು. ಜಾಗ ಕೊಂಡವರು ಬಾವಿಯ ಹೂಳು ಎತ್ತಿಸಿದರು. ಹೂಳಿನ ಜೊತೆ ಮೂಳೆ ಬಂತು. ಕೂಲಿಯವರ ಕಣ್ಣಿಗೆ ಅದು ಬೀಳೋ ಹೊತ್ತಿಗೆ ಅರ್ಧ ಹೂಳನ್ನ ಗಾಡಿಗೆ ತುಂಬಿ ಎಲ್ಲಿಗೋ ಸಾಗಿಸಿ ಆಗಿತ್ತು. ತಲೆಬುರುಡೆ ಹೋಯಿತು. ಸೊಂಟದ ಮೂಳೆ ಹೋಯಿತು. ಉಳಿದದ್ದು ತೊಡೆಮೂಳೆ ಎರಡು, ಒಂದಿಷ್ಟು ಪಕ್ಕೆಲುಬು, ಒಂದು ಬೂಟು. ಗಂಡಸರ ಬೂಟು.

ಸುದ್ದಿ ಕೇಳಿದ ಚಹಾ ಅಜ್ಜಿ ಅಂಗಡಿ ಹಾಗೇ ಬಿಟ್ಟು ಬಂದು ಅಳಿಯನ ಕೋಣೆಯ ಬಾಗಿಲಲ್ಲಿ ಕೂತಳು. ಒಳಗೆ ಮೂಳೆಯ ಮೂಟೆ ತಂದ ಇನ್ಸ್‌ಪೆಕ್ಟರು ಸ್ಟೂಲಿನ ಮೇಲೆ ಕೂತಿದ್ದ.

ಈಗ ಸ್ವಲ್ಪ ಅಳಿಯನ ವಿದ್ಯೆ ಕೇಳಿ. ನನಗೆ ಅರ್ಥವಾದಷ್ಟು ಹೇಳ್ತೀನಿ, ನಾನು ಓದಿದ್ದು ಅಂಗಡಿ ಬೋರ್ಡು ಓದೋವಷ್ಟು. ಸೊಂಟದ ಮೂಳೆ ಇದ್ದರೆ ಗಂಡೋ ಹೆಣ್ಣೋ ಹೇಳೋದು ಸುಲಭವಂತೆ. ಹೆರೋದಕ್ಕೆ ಜಾಗ ಬೇಕಲ್ಲ, ಹೆಣ್ಣಿನದು ಅಗಲ ಇರುತ್ತೆ. ಅದು ಇಲ್ಲದಿದ್ದರೆ ತೊಡೆಮೂಳೆಯ ಮೇಲ್ತುದಿಯ ಗುಂಡು. ಸೊಂಟದ ಗುಳಿಯೊಳಗೆ ಕೂತು ತಿರುಗುತ್ತಲ್ಲ, ನಿಂಬೆಹಣ್ಣಿನಂಥದ್ದು, ಅದು. ಕ್ಯಾಲಿಪರ್ ಅಂತ ಉಕ್ಕಿನದೊಂದು ಇದೆ, ಅದಕ್ಕೆ ಎರಡು ದವಡೆ. ನಡುವೆ ಗುಂಡನ್ನ ಕಚ್ಚಿಸಿ ದಪ್ಪ ಎಷ್ಟು ಅಂತ ನೋಡೋದು. ಒಂದು ಗೆರೆಯಿಂದ ಮೇಲೆ ಬಂದರೆ ಗಂಡು ಅನ್ನಬಹುದು. ಇನ್ನೊಂದು ಗೆರೆಯಿಂದ ಕೆಳಗೆ ಬಂದರೆ ಹೆಣ್ಣು ಅನ್ನಬಹುದು. ಎರಡರ ನಡುವೆ ಬಂತೋ, "ಹೇಳೋಕಾಗಲ್ಲ" ಅಂತ ಸುಮ್ಮನಾಗಬೇಕು.

"ಸುಮ್ಮನಿರೋದಕ್ಕೂ ಸಂಬಳ ಕೊಡ್ತಾರಾ ಅಳಿಯಂದ್ರೇ?" ಅಂದಿದ್ದೆ ನಾನು.

"ಅದಕ್ಕೇ ಕೊಡೋದು ದೊಡ್ಡತ್ತೆ," ಅಂದ. ನಗಲಿಲ್ಲ.

ಇನ್ನೊಂದು ಇದೆ. ನೀರಲ್ಲಿ ಬಿದ್ದಿದ್ದ ಮೂಳೆ ಉಬ್ಬಿರುತ್ತಂತೆ, ಮಳೆಗೆ ನೆಂದ ಬಾಗಿಲು ಚೌಕಟ್ಟಿಗೆ ಹಿಡಿಯಲ್ಲ ನೋಡಿ, ಹಾಗೆ. ಕೂದಲೆಳೆಯಷ್ಟೇ. ಆದರೂ ಅದನ್ನ ನೆರಳಲ್ಲಿ ಹರಡಿ, ಪೂರ್ತಿ ಒಣಗಿದ ಮೇಲೆಯೇ ಅಳೀಬೇಕು. ಯಾಕಂದರೆ ಆ ಗೆರೆಗಳನ್ನ ಹಾಕಿರೋದು ಒಣಮೂಳೆಯ ಲೆಕ್ಕಕ್ಕೆ. ಇವನಿಗೆ ಅದು ಗೊತ್ತಿತ್ತು. ಬೇರೆಯವರಿಗೆ ಪಾಠ ಮಾಡೋವಷ್ಟು ಗೊತ್ತಿತ್ತು.

"ಒಣಗೋಕೆ ಬಿಡಿ. ಮುಂದಿನ ವಾರ ಹೇಳ್ತೀನಿ," ಅಂದ ಅಳಿಯ.

"ಮುಂದಿನ ವಾರದ ಹೊತ್ತಿಗೆ ನಾನೇ ಒಣಗಿರ್ತೀನಿ ಸಾರ್," ಅಂದ ಇನ್ಸ್‌ಪೆಕ್ಟರು. "ಮೇಲಿನವರು ದಿನಾ ಪ್ರಾಣ ತಿಂತಾರೆ. ಆ ಮುದುಕಿ ಬೇರೆ ಬಾಗಿಲು ಬಿಟ್ಟು ಏಳ್ತಿಲ್ಲ. ಗಂಡಸರ ಬೂಟಿದೆ. ಮೂಳೆ ನೋಡಿ, ಇಷ್ಟುದ್ದ ಇದೆ. ಒಂದು ಮಾತು ಅಂದ್ಬಿಡಿ, ಎಲ್ಲರೂ ಊಟಕ್ಕೆ ಹೋಗೋಣ."

ಅಳಿಯ ಜೇಬಿನಿಂದ ಕರ್ಚೀಫು ತೆಗೆದ. ಬಿಳೀದು, ಅಂಚಿಗೆ ನೀಲಿ ದಾರ, ಅವನ ಹೆಂಡತಿ, ನಮ್ಮ ಹುಡುಗಿ, ಕೈಯಾರೆ ಹೊಲಿದುಕೊಟ್ಟದ್ದು. ಅದರಲ್ಲೇ ಗುಂಡನ್ನ ಒತ್ತಿ ಒರೆಸಿದ. ಕ್ಯಾಲಿಪರ್ ಜಾರಿಸಿದ. ಸರ್ರ್... ಟಕ್. ಗಂಡಿನ ಗೆರೆಗಿಂತ ಒಂದು ಕೂದಲು ಮೇಲೆ.

"ಗಂಡಸು," ಅಂದ.

ಅಷ್ಟೇ. ಒಂದು ಮಾತು. ಮೂಳೆ ಗಂಡಸಿನದು ಅಂದಮೇಲೆ ಮಗಳು ಕಳೆದುಹೋದ ತಾಯಿಯ ರಕ್ತ ತೆಗೆದು ಹೋಲಿಸಿ ನೋಡೋರು ಯಾರು? ಯಾರೋ ಅನಾಥ ಗಂಡಸು ಅಂತ ರಟ್ಟಿನ ಪೆಟ್ಟಿಗೆಗೆ ಹಾಕಿ ಮೇಲಿಟ್ಟರು. ಮೂಳೆ ಒಣಗಲಿ ಅಂತ ಮುಚ್ಚಳ ಮಾತ್ರ ತೆರೆದಿಟ್ಟಿದ್ದ ಇವನು. ಹೊರಗೆ ಬಂದು ಅಜ್ಜಿಗೆ ತಾನೇ ಹೇಳಿದ. ಅವಳು ಇವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ಅಂದ್ರೆ ನನ್ನ ಮಗಳು ಬದುಕಿದ್ದಾಳೆ ಅನ್ನು ಮಗನೇ."

ಇವನು ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ಬಾವಿಯ ಹತ್ತಿರ ಆ ಪಿಸುಮಾತು ಕೇಳಿದ್ದು ಅದೇ ದಿನದ ಕತ್ತಲಲ್ಲಿ. ಈಗ ಗೊತ್ತಾಯಿತಾ, ಯಾಕೆ ಓಡಿದ ಅಂತ?

ಮುಂದಿನ ವಾರ ಅವನು ಕೋಣೆಯ ಬಾಗಿಲು ಹಾಕಿಕೊಂಡು ಪೆಟ್ಟಿಗೆ ಇಳಿಸಿದ. ಮೂಳೆ ಸೀಮೆಸುಣ್ಣದ ಹಾಗೆ ಒಣಗಿತ್ತು. ಸರ್ರ್... ಟಕ್. ಗೆರೆ ಮುಟ್ಟಲಿಲ್ಲ. ಇನ್ನೊಂದು ತೊಡೆಮೂಳೆ ತೆಗೆದ. ಸರ್ರ್... ಟಕ್. ಅದೂ ಮುಟ್ಟಲಿಲ್ಲ. ನಡುವೆ ಬಿತ್ತು... ಹೇಳೋಕಾಗಲ್ಲ ಅನ್ನೋ ಜಾಗದಲ್ಲಿ. ಪೆಟ್ಟಿಗೆ ಮುಚ್ಚಿ ಮೇಲಿಟ್ಟ. ಹೊರಗೆ ಬಂದ. ಗೇಟಿನ ಹತ್ತಿರ ಅಜ್ಜಿ ಲೋಟ ಹಿಡಿದು ಕಾಯ್ತಿದ್ದಳು. "ಗಂಡಸು" ಅಂದ ದಿನದಿಂದ ಇವನಿಗೆ ಅಂತಲೇ ಬೇರೆ ಹಾಲು ಕಾಯಿಸಿ ಚಹಾ ಮಾಡೋಳು. "ಈ ಮಗ ನನ್ನ ಮಗಳನ್ನ ಉಳಿಸಿಕೊಟ್ಟ," ಅಂತ ಬಂದ ಗಿರಾಕಿಗಳಿಗೆಲ್ಲ ತೋರಿಸೋಳು. ಇವನು ಕುಡಿದ. ಆವತ್ತೂ ಕುಡಿದ, ಮಾರನೆ ದಿನವೂ ಕುಡಿದ. ಬಾಯಿ ಬಿಡಲಿಲ್ಲ.

ಏಣಿಯ ಗಂಡ, ಆ ಬೀಗದವನು, ಏನು ಮಾಡಿದ ಅಂತೀರಾ? ಹೂಳು ಎತ್ತೋವಾಗ ಅವನ ಮುಖದಲ್ಲಿ ರಕ್ತ ಇರಲಿಲ್ಲವಂತೆ. "ಗಂಡಸು" ಅನ್ನೋ ಮಾತು ಬಿದ್ದದ್ದೇ ಬಣ್ಣ ತಿರುಗಿತು. ಅಂಗಡಿ ಮಾರಿದ, ಹೊಸ ಶರಟು ಹೊಲಿಸಿದ, ಒಂದು ಬೆಳಗ್ಗೆ ಊರು ಬಿಟ್ಟ. ಯಾರ ಜೊತೆ? ಇಸ್ತ್ರಿಯವಳ ಜೊತೆ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ.

ಇತ್ತ ಅಳಿಯನ ಮನೆಯಲ್ಲಿ ಬಟ್ಟೆ ಒಣಗೋದು ನಿಂತುಹೋಯಿತು.

ಮೊದಲು ಆ ಕರ್ಚೀಫು. ಮಹಡಿಯ ತಂತಿಗೆ ಹಾಕಿದ್ದು ಸಂಜೆಗೂ ಒದ್ದೆ. ಆಮೇಲೆ ಟವೆಲ್ಲು. ಆಮೇಲೆ ದುಪ್ಪಟಿಗಳು. ತಲೆ ಸುಡೋ ಬಿಸಿಲು, ಪಕ್ಕದ ಮನೆಯವರ ಬಟ್ಟೆ ಹಪ್ಪಳದ ಹಾಗೆ ಗರಿಗರಿ ಆಗಿದ್ದರೆ ಇವರದ್ದು ಆಗ ತಾನೇ ಬಕೆಟ್ಟಿನಿಂದ ತೆಗೆದ ಹಾಗೆ. ದಿನಾ ಅದೇ ದುಪ್ಪಟಿಗಳು ಮಹಡಿ ಮೇಲೆ ನೇತಾಡೋದು ನೋಡಿ ಬೀದಿಯವರು ಸುಮ್ಮನಿರ್ತಾರಾ? ಮೂಳೆ ಡಾಕ್ಟರು ರಾತ್ರಿ ಹಾಸಿಗೆ ಒದ್ದೆ ಮಾಡ್ಕೋತಾನೆ ಅಂತ ಸುದ್ದಿ. ಎರಡು ಬೀದಿ ದಾಟಿ ನನ್ನ ಬಾಗಿಲಿಗೇ ಬಂತು. ಸ್ವಂತ ಅಳಿಯನ ಸುದ್ದಿ ಬೇರೆಯವರ ಬಾಯಿಂದ ಕೇಳೋದು ನನಗೆ ಸರಿಬರಲ್ಲ. ಸೀದಾ ಹೋದೆ.

ಮಧ್ಯಾಹ್ನ. ನಮ್ಮ ಹುಡುಗಿ ಅಡುಗೆಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಅಳ್ತಿದ್ದಳು. "ಉಜ್ಜಿದಷ್ಟೂ ಹಬೆ ಬರುತ್ತೆ ದೊಡ್ಡಮ್ಮ, ಒಣಗಲ್ಲ. ಅವರು ಮೂರು ದಿನದಿಂದ ಮಾತಾಡಿಲ್ಲ. ಮಹಡಿ ಮೇಲಿದ್ದಾರೆ." ನಾನು ಮಂಡಿ ಹಿಡಿದುಕೊಂಡು ಮಹಡಿ ಹತ್ತಿದೆ. ಅಳಿಯ ದುಪ್ಪಟಿಗಳ ನಡುವೆ ನೆಲದ ಮೇಲೆ ಕೂತಿದ್ದ. ಗಡ್ಡ ಬಿಟ್ಟಿದ್ದ. ನನ್ನ ನೋಡಿ ಎದ್ದು ನಿಲ್ಲಲೂ ಇಲ್ಲ.

"ಏನು ಅಳಿಯಂದ್ರೇ, ಬೀದಿಯಲ್ಲಿ ಏನೇನೋ ಅಂತಾರೆ," ಅಂದೆ.

"ಒದ್ದೆ ಮೂಳೆ ಅಳೆದೆ ದೊಡ್ಡತ್ತೆ," ಅಂದ. ಪಿಸುಮಾತು. ನೀವು ಇಷ್ಟು ಹೊತ್ತು ಕೇಳಿದಿರಲ್ಲ, ಅದನ್ನೆಲ್ಲ ಹೇಳಿದ. ಒಂದೂ ಬಿಡಲಿಲ್ಲ.

ಎಲ್ಲ ಕೇಳಿ ನಾನೂ ದನಿ ತಗ್ಗಿಸಿದೆ. "ಇದನ್ನ ಬಂದು ಬಂದು ನನಗೆ ಹೇಳ್ತಿದ್ದೀರಲ್ಲ? ನನ್ನ ಬಾಯಿ ನಿಮಗೆ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಹೇಳಿದ್ದು. ನೀವಾದರೂ ಹೋಗಿ ಆ ಅಜ್ಜಿಗೆ ಹೇಳಿ. ನನ್ನ ಕೈಲಾಗಲ್ಲ."

ನೋಡಿ, ನನ್ನ ಜನ್ಮದಲ್ಲಿ ಎಷ್ಟು ಮನೆಗೆ ಎಷ್ಟು ಸುದ್ದಿ ಮುಟ್ಟಿಸಿದ್ದೀನಿ. ಯಾರೂ ಕೇಳದೆ ಮುಟ್ಟಿಸಿದ್ದೀನಿ. ಆದರೆ ಇದಕ್ಕೆ ನಾಲಿಗೆ ಏಳಲಿಲ್ಲ. "ಇದು ನನ್ನ ಬಾಯಿಯ ಮಾತಲ್ಲ ಅಳಿಯಂದ್ರೇ," ಅಂದೆ. "ಗಂಡಸು ಅಂತ ಅಂದವರು ನೀವು. ಅಲ್ಲ ಅಂತಲೂ ನೀವೇ ಅನ್ನಬೇಕು."

ಆಗ ಕೇಳಿಸಿತು. ನಾನೇ ಕೇಳಿದೆ, ಈ ಎರಡು ಕಿವಿಯಿಂದ. ಕೊನೆಯ ದುಪ್ಪಟಿಯ ಆಚೆ... ಕಿರ್ರ್‌ಕ್... ಚಳ್. ಮಹಡಿಯಲ್ಲಿ ನಾವಿಬ್ಬರೇ. ದುಪ್ಪಟಿಯ ಮೇಲೆ ನೆರಳು ಬಿತ್ತು. ಉದ್ದ... ತಂತಿಗಿಂತ ಮೇಲೆ ತಲೆ ಇರಬೇಕಾದಷ್ಟು ಉದ್ದ. ಆದರೆ ತಂತಿಯ ಮೇಲೆ ಬರೀ ಆಕಾಶ. ಕೆಳಗೆ, ಬಟ್ಟೆಯ ಅಂಚಿನಿಂದ ನೀರು ತೊಟ್ಟಿಕ್ಕೋ ಜಾಗದಲ್ಲಿ, ಒಂದು ಕಾಲು ಬರಿಗಾಲು. ಇನ್ನೊಂದರಲ್ಲಿ ಬೂಟು.

"ಒಣಗಿತಾ?"

ನಾನು ಅಳಿಯನ ತೋಳು ಹಿಡಿದುಕೊಂಡಿದ್ದೆ. ಅವನು ಮೆಲ್ಲಗೆ ಎದ್ದು ನಿಂತ. ಆ ಕಡೆಗೇ ಮುಖ ಮಾಡಿ ಅಂದ, "ಒಣಗಿದೆ. ಅಳೆದಿದ್ದೀನಿ. ಹೇಳ್ತೀನಿ."

ಗಾಳಿ ಬೀಸಿತು. ದುಪ್ಪಟಿ ಪಕ್ಕಕ್ಕೆ ಸರಿಯಿತು. ಆಚೆ ಯಾರೂ ಇಲ್ಲ. ನೆಲ ಮಾತ್ರ ಒದ್ದೆ.

ನಿಂತ ಕಾಲಲ್ಲೇ ಹೋದೆವು. ಚಹಾ ಅಂಗಡಿಯಲ್ಲಿ ಜನ ಕಡಿಮೆ ಇದ್ದರು. ಅಜ್ಜಿ ಇವನನ್ನ ಕಂಡದ್ದೇ ಬೇರೆ ಹಾಲು ಕಾಯಿಸಿ ಲೋಟ ಕೈಗೆ ಕೊಟ್ಟಳು. ಇವನು ಲೋಟ ಹಿಡಿದು ನಿಂತ. ತುಟಿಗೆ ಮುಟ್ಟಿಸಲಿಲ್ಲ.

"ಅಮ್ಮಾ... ಬಾವಿಯ ಮೂಳೆ ಗಂಡಸಿನದು ಅಂದೆನಲ್ಲ. ತಪ್ಪು ಹೇಳಿದೆ."

"ಹೆಂಗಸಿನದಾ ಹಾಗಾದ್ರೆ?"

"ಅಳತೆಯಲ್ಲಿ ಹೇಳೋಕಾಗಲ್ಲ. ಆವತ್ತೇ ಹಾಗನ್ನಬೇಕಿತ್ತು. ನಿಮ್ಮ ರಕ್ತ ತೆಗೆದು ಹೋಲಿಸಿ ನೋಡಿದರೆ ತಿಳಿಯುತ್ತೆ."

ಒಲೆ ಮೇಲಿನ ನೀರು ಕುದೀತಿತ್ತು. ಅವಳು ಒಲೆ ಆರಿಸಿದಳು. "ಜೊತೆಗೆ ಏನಾದ್ರೂ ಸಿಕ್ಕಿತ್ತಾ?"

"ಒಂದು ಬೂಟು. ಗಂಡಸರದ್ದು. ಅದಕ್ಕೇ ನಾವು..."

"ಹಿಮ್ಮಡಿಗೆ ಬೇರೆ ತೊಗಲು ಹಾಕಿ ಮೊಳೆ ಹೊಡೆದಿದೆಯಾ?"

ಇವನು ಹೌದು ಅಂತ ತಲೆ ಆಡಿಸಿದ.

"ಅವಳ ಕಾಲಿಗೆ ಬೇರೆ ಯಾವುದೂ ಆಗ್ತಿರಲಿಲ್ಲ," ಅಂದಳು. ಅಳಲಿಲ್ಲ. ಕೈ ಚಾಚಿ ಇವನ ಕೈಯಿಂದ ಲೋಟ ತೆಗೆದುಕೊಂಡಳು. ಚಹಾವನ್ನ ಚರಂಡಿಗೆ ಚೆಲ್ಲಿದಳು. ಲೋಟ ತೊಳೆದಳು, ಎರಡು ಸಲ ತೊಳೆದಳು, ಬೋರಲು ಹಾಕಿದಳು. ಆಮೇಲೆ ತೋಳಿನ ಬಟ್ಟೆ ಮೇಲೆ ಸರಿಸಿದಳು. "ರಕ್ತ ಎಲ್ಲಿ ಕೊಡಬೇಕು, ನಡಿ."

ತಾಳೆ ಆಯಿತು. ಏಣಿಯೇ. ಓಡಿಹೋಗಿರಲಿಲ್ಲ ಅವಳು, ಎಲ್ಲಿಗೂ ಹೋಗಿರಲಿಲ್ಲ. ನಾವು ನಕ್ಕಷ್ಟು ದಿನವೂ ಅಲ್ಲೇ ಇದ್ದಳು. ಪೊಲೀಸರು ಬೀಗದವನನ್ನ ಹುಡುಕಿದರು, ಇನ್ನೂ ಹುಡುಕ್ತಿದ್ದಾರಂತೆ. ಒಂದು ಒದ್ದೆ ಮಾತು ಅವನಿಗೆ ಅಷ್ಟು ದೂರ ಹೋಗೋಕೆ ದಾರಿ ಬಿಟ್ಟುಕೊಟ್ಟಿತ್ತಲ್ಲ. ಅಳಿಯನ ಕೆಲಸ ಹೋಗಲಿಲ್ಲ. ಮೇಲಿನವರು ಬೈದರು. "ಸಾಕಾಗುವಷ್ಟು ಬೈಯಲಿಲ್ಲ ದೊಡ್ಡತ್ತೆ," ಅಂತಾನೆ ಈಗಲೂ. ದಿನಾ ಆ ಗೇಟಿನಲ್ಲೇ ಹೋಗಬೇಕು, ಬರಬೇಕು. ಅಜ್ಜಿ ಎಲ್ಲರಿಗೂ ಚಹಾ ಕೊಡ್ತಾಳೆ. ಇವನ ಕಡೆ ನೋಡಲ್ಲ. ಇವನೂ ಕೇಳಲ್ಲ. ರಾತ್ರಿ ಅವಳು ಈಗ ಚಿಲಕ ಹಾಕಿಕೊಂಡು ಮಲಗ್ತಾಳೆ.

ಮನೆಯ ಬಟ್ಟೆ ಆವತ್ತಿನಿಂದಲೇ ಒಣಗೋಕೆ ಶುರುವಾಯಿತು. ದುಪ್ಪಟಿ, ಟವೆಲ್ಲು, ಎಲ್ಲ. ಮೂಳೆ ಒರೆಸಿದ ಆ ಕರ್ಚೀಫು ಒಂದನ್ನ ಬಿಟ್ಟು. ಅವನಿಗೆ ಅದನ್ನ ಇಟ್ಟುಕೊಳ್ಳೋಕೂ ಆಗಲಿಲ್ಲ, ಎಸೆಯೋಕೂ ಆಗಲಿಲ್ಲ. ನನ್ನ ಕೈಗೆ ತಂದುಕೊಟ್ಟ.

ಸುಳ್ಳು ಅಂತ ನಿಮ್ಮ ಮುಖವೇ ಹೇಳ್ತಿದೆ. ಸುಳ್ಳು ಹೇಳೋದಾದರೆ ಇದಕ್ಕಿಂತ ಚೆನ್ನಾಗಿರೋದು ನನ್ನ ಹತ್ತಿರ ಬೇಕಾದಷ್ಟಿವೆ. ಹೋಗುವಾಗ ಹಿತ್ತಿಲ ಬಾಗಿಲಿಂದಲೇ ಹೋಗಿ, ತಂತಿ ಮೇಲಿದೆ, ನೀಲಿ ಅಂಚಿನದು. ಇವತ್ತು ಬೆಳಗ್ಗೆಯಿಂದ ಎಂಥ ಬಿಸಿಲಿತ್ತು ನೀವೇ ನೋಡಿದ್ದೀರಿ. ಮುಟ್ಟಿ ನೋಡಿ. ಕೆಳಗೆ ಬಕೆಟ್ಟು ಇಟ್ಟಿದ್ದೀನಿ, ಕತ್ತಲಲ್ಲಿ ಎಡವೀರಿ... ತುಂಬಿದೆ.